ಮೇಸ್ತ್ರಿಯ ಮಗಳು ಅಂಟಿಸಿದ ಪಟ್ಟೆ

ಗೋಡೆಯ ಮೇಲೆ ಓರೆಯಾಗಿ ನೇತಾಡುವ ಫೋಟೋ ಕಂಡರೆ ಆ ಮನೆಯ ಸೊಸೆಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳು ಮೇಸ್ತ್ರಿಯ ಮಗಳು. ತವರಿನಿಂದ ಬೇರೆ ಹೆಣ್ಣುಮಕ್ಕಳು ಪಾತ್ರೆಪಡಗ ತಂದರೆ ಇವಳು ಅಪ್ಪನ ರಸಮಟ್ಟ ತಂದಿದ್ದಳು. ಮೊಳದುದ್ದದ ಕೋಲು, ಅದರ ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತಿತೆಂದರೆ ಲೋಕ ಕ್ಷೇಮ. ಮನೆಯ ಕಪಾಟು, ಕನ್ನಡಿ, ಪರದೆಯ ಸರಳು ಎಲ್ಲವೂ ಆ ಗುಳ್ಳೆಯ ಅಪ್ಪಣೆ ಪಡೆದೇ ಗೋಡೆ ಏರಿದ್ದವು. ಮಗಳ ತೊಟ್ಟಿಲನ್ನೂ ಅಳೆದಿದ್ದಳು ಎಂದು ಗಂಡ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹಾಗಾಗಿ ಆ ಶನಿವಾರ, ಕಾರಿಗೆ ಪಟ್ಟೆ ಅಂಟಿಸಬೇಕಿದ್ದ ಸ್ಟಿಕರ್ ಅಂಗಡಿಯವನು ಫೋನ್ ಮಾಡಿ, ಬೆನ್ನು ಹಿಡಿದುಕೊಂಡಿದೆ, ಬರುವುದಕ್ಕಾಗುವುದಿಲ್ಲ ಎಂದಾಗ ಅವಳು ತೋಳೇರಿಸಿ ನಿಂತಳು.

"ಮಾವ, ಪಟ್ಟೆ ನಾನು ಅಂಟಿಸ್ತೀನಿ. ಒಂದು ಕೂದಲೆಳೆ ಆಚೆ ಈಚೆ ಆದ್ರೆ ಕೇಳಿ."

ಗಂಡ ಕುಡಿಯುತ್ತಿದ್ದ ಕಾಫಿ ಅರ್ಧಕ್ಕೇ ನಿಂತಿತು. ಯಾಕೆಂದರೆ ಅದು ಮಾವನ ಕಾರು. ನಲವತ್ತೆಂಟು ವರ್ಷ ಹಳೆಯದು, ಕೆನೆಬಣ್ಣದ್ದು, ಆ ಬಣ್ಣ ಕೂಡ ಕಾರ್ಖಾನೆಯಲ್ಲಿ ಬಳಿದದ್ದೇ. ಅದನ್ನು ಒರೆಸುವ ಬಟ್ಟೆಯನ್ನೂ ಅವರು ಬೇರೆಯವರ ಕೈಗೆ ಕೊಟ್ಟವರಲ್ಲ. ಹೆತ್ತ ಮಗನಿಗೇ ಅದರ ಬಾಗಿಲು ಮುಚ್ಚುವ ಹಕ್ಕಿರಲಿಲ್ಲ. ಮರುದಿನ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಆ ಮಾದರಿಗೆ ಎರಡೂ ಮಗ್ಗುಲಲ್ಲಿ ಇರಬೇಕಾದ ಕೆಂಪು ಪಟ್ಟೆಗಳನ್ನು ಮಾವ ಎಂಟು ತಿಂಗಳು ಹುಡುಕಿ ತರಿಸಿದ್ದರು. ಇನ್ನೊಂದು ಜೊತೆ ಎಲ್ಲಿಯೂ ಇರಲಿಲ್ಲ.

ಮಾವ ಸೊಸೆಯ ಮುಖ ನೋಡಿದರು, ಅವಳು ಕೂರಿಸಿದ ಕಪಾಟು ನೋಡಿದರು, ಕೊನೆಗೆ ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟರು. "ನೋಡಮ್ಮ, ನಿನ್ನ ಕೆಲಸದ ಮೇಲೆ ನಂಗೆ ನಂಬಿಕೆ ಇದೆ," ಎಂದವರೇ ಕೆಟ್ಟ ಹಾರ್ನನ್ನು ಚೀಲಕ್ಕೆ ಹಾಕಿಕೊಂಡು ಮೆಕ್ಯಾನಿಕ್ ಬಳಿ ಹೊರಟರು.

ಆರು ವರ್ಷಗಳಲ್ಲಿ ಆ ಮಿತಭಾಷಿ ಅವಳಿಗೆ ಆಡಿದ ಅತಿ ಉದ್ದದ ಮಾತು ಅದು. ಅದನ್ನು ಉಳಿಸಿಕೊಳ್ಳುವುದಕ್ಕಾಗಿ ಅವಳು ಆಕಾಶಕ್ಕೂ ಏಣಿ ಹಾಕುತ್ತಿದ್ದಳು.

ಕಾರು ಅಂಗಳದಲ್ಲಿ ಮನೆಯ ಕಡೆ ಮುಖ ಮಾಡಿ ನಿಂತಿತ್ತು. ಸೋಪಿನ ನೀರು ಚಿಮುಕಿಸಿದ್ದಾಯಿತು. ಒದ್ದೆ ಇರುವ ತನಕ ಪಟ್ಟೆ ಅತ್ತಿತ್ತ ಜರುಗುತ್ತದೆ, ನೀರು ಒತ್ತಿ ತೆಗೆದರೆ ಗಟ್ಟಿಯಾಗಿ ಕೂರುತ್ತದೆ.

"ಟೇಪು ತರ್ಲೇನೇ?" ಎಂದ ಗಂಡ. "ಬಾಗಿಲಿನ ಹಿಡಿಯಿಂದ ಇಷ್ಟು ಕೆಳಗೆ ಅಂತ ಗುರುತು ಹಾಕ್ಕೊಂಡ್ರೆ..."

"ಟೇಪು ದರ್ಜಿಗಳಿಗೆ ರೀ. ನೀವು ಆ ತುದಿ ಹಿಡ್ಕೊಳ್ಳಿ, ಸಾಕು."

ಅವಳು ರಸಮಟ್ಟ ಹಿಡಿದಳು. "ಮೇಲೆ... ಇನ್ನೂ ಸ್ವಲ್ಪ... ಉಸಿರು ಬಿಡಬೇಡಿ, ಗುಳ್ಳೆ ಅಲ್ಲಾಡುತ್ತೆ."

ನಾಲ್ಕು ವರ್ಷದ ಮಗಳು ಸುಲಿದ ಕಾಗದವನ್ನು ಮೈಗೆಲ್ಲ ಸುತ್ತಿಕೊಂಡು ನೋಡುತ್ತಿದ್ದಳು. "ಅಮ್ಮಾ, ಗೆರೆ ಜಾರ್ತಿದೆ."

"ಇಲ್ಲ ಪುಟ್ಟಿ, ನೆಟ್ಟಗಿದೆ."

"ನಂಗೂ ಯಾಕೋ ಮುಂದುಗಡೆ ಇಳಿದ ಹಾಗೆ ಕಾಣ್ಸುತ್ತೆ," ಎಂದ ಗಂಡ ಮೆಲ್ಲಗೆ.

"ಕಣ್ಣು ಮೋಸ ಮಾಡುತ್ತೆ. ಗುಳ್ಳೆ ಮೋಸ ಮಾಡಲ್ಲ."

ಎರಡು ಗಂಟೆಯಲ್ಲಿ ಎರಡೂ ಮಗ್ಗುಲು ಮುಗಿದವು. ಎಲ್ಲಿ ಇಟ್ಟರೂ ಗುಳ್ಳೆ ನಟ್ಟನಡುವೆ. ಅವಳು ಸೊಂಟಕ್ಕೆ ಕೈಕೊಟ್ಟು, ಕೋಟೆ ಗೆದ್ದ ರಾಣಿಯ ಹಾಗೆ ನಿಂತಳು.

ನಾಲ್ಕು ಗಂಟೆಗೆ ಮಾವ ಬಂದರು. ಕನ್ನಡಕ ಹಾಕಿಕೊಳ್ಳದೆಯೇ ಬಗ್ಗಿ ಪಟ್ಟೆಯ ಮೇಲೆ ಬೆರಳಾಡಿಸಿದರು. ಒಂದು ಸುಕ್ಕಿಲ್ಲ. "ಭೇಷ್," ಎಂದರು. ಸೊಸೆಗೆ ನೆಲದಿಂದ ಒಂದು ಗೇಣು ಮೇಲೆದ್ದ ಹಾಗಾಯಿತು. "ಬೀದಿಗೆ ತಗೋತೀನಿ, ದೂರದಿಂದ ನೋಡೋಣ," ಎಂದು ತಾವೇ ಕಾರನ್ನು ಹಿಂದಕ್ಕೆ ತೆಗೆದು, ಗೇಟು ದಾಟಿಸಿ, ಬೀದಿಯುದ್ದಕ್ಕೆ ತಿರುಗಿಸಿ, ಮಗ್ಗುಲು ಗೇಟಿಗೆ ಕಾಣುವಂತೆ ನಿಲ್ಲಿಸಿದರು.

ಕಾರು ಮೂಗು ತಗ್ಗಿಸಿ ಯಾವುದೋ ಹಳ್ಳಕ್ಕೆ ಧುಮುಕಲು ಹೊರಟಂತಿತ್ತು. ಪಟ್ಟೆ ಹಿಂದಿನಿಂದ ಮುಂದಕ್ಕೆ ಬರುವಷ್ಟರಲ್ಲಿ ಸರಿಯಾಗಿ ನಾಲ್ಕು ಬೆರಳು ಇಳಿದಿತ್ತು.

"ಹೇಗಿದೆ?" ಕಾರಿನೊಳಗಿನಿಂದ ಮಾವ ಕೂಗಿದರು.

ಸೊಸೆ ರಸಮಟ್ಟವನ್ನು ಬೆನ್ನ ಹಿಂದೆ ಅಡಗಿಸಿದಳು.

"ತಾತಾ, ಕಾರು ಬೀಳ್ತಿದೆ," ಎಂದಳು ಮೊಮ್ಮಗಳು.

ಮಾವ ಇಳಿದು ಬಂದರು. ಕನ್ನಡಕ ಏರಿಸಿದರು. ಪಟ್ಟೆಯುದ್ದಕ್ಕೂ ಹಿಂದಿನಿಂದ ಮುಂದಕ್ಕೆ ನಡೆದರು. ಆ ನಾಲ್ಕು ಹೆಜ್ಜೆಗಳಲ್ಲಿ ಸೊಸೆ ನೂರು ಸಲ ಸತ್ತಳು. ಕೂದಲು ಒಣಗಿಸುವ ಯಂತ್ರ ತಂದು ಪಟ್ಟೆಯ ತುದಿಗೆ ಬಿಸಿಗಾಳಿ ಹಿಡಿದು ಎಬ್ಬಿಸಿ ನೋಡಿದಳು. ಪಟ್ಟೆಯ ಜೊತೆ ಉಗುರಿನಷ್ಟು ಹಳೆಯ ಕೆನೆಬಣ್ಣವೂ ಎದ್ದು ಬಂತು. ಕೈ ಸುಟ್ಟವಳಂತೆ ಹಿಂದೆ ಸರಿದಳು. ಕಣ್ಣು ತುಂಬಿತು.

"ಮಾವ, ರಸಮಟ್ಟ ಇಟ್ಟೇ ಅಂಟಿಸಿದ್ದು. ಆಣೆಗೂ ನೆಟ್ಟಗಿತ್ತು."

"ಎಲ್ಲಿ ನಿಲ್ಲಿಸ್ಕೊಂಡು ಅಂಟಿಸಿದೆ?"

"ಅಂಗಳದಲ್ಲಿ."

"ಆ ಅಂಗಳಕ್ಕೆ ಕಲ್ಲು ಹಾಸಿದವರು ಯಾರು?"

"ನಮ್ಮಪ್ಪ."

"ಮಳೆನೀರು ಬೀದಿಗೆ ಹರಿದುಹೋಗ್ಲಿ ಅಂತ ನಿಮ್ಮಪ್ಪ ಏನು ಮಾಡಿದ್ರು?"

ಅವಳು ತಿರುಗಿ ಅಂಗಳದ ಕಡೆ ನೋಡಿದಳು. "ಇಳಿಜಾರು ಕೊಟ್ಟಿದ್ರು."

ಅಂದರೆ ಪಟ್ಟೆ ಭೂಮಿಗೆ ನೆಟ್ಟಗಿತ್ತು. ಇಳಿಜಾರಿನಲ್ಲಿ ಮೂಗೆತ್ತಿ ನಿಂತಿದ್ದ ಕಾರಿಗೆ ಓರೆಯಾಗಿತ್ತು. ಗಂಡ ನಗು ತಡೆಯಲಾರದೆ ಗೇಟಿನ ಚಿಲಕ ಪರೀಕ್ಷಿಸತೊಡಗಿದ.

"ಆ ಕಡೆ ಪಟ್ಟೇನೂ ಹೀಗೇನಾ?" ಎಂದರು ಮಾವ.

"ಎರಡೂ ಕಡೆ ಒಂದೇ ಸಮ, ಮಾವ," ಎಂದಳು ತಲೆ ತಗ್ಗಿಸಿ. "ಕೂದಲೆಳೆ ವ್ಯತ್ಯಾಸ ಇಲ್ಲ."

ಮಾವನ ಮೀಸೆ ಸಣ್ಣಗೆ ಅಲುಗಿತು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ ಅಂತ ಕೇಳಿದ್ದೆ," ಎಂದರು. "ನೆಲ ಡೊಂಕಿರೋದೇ ಗೊತ್ತಾಗದೆ ಇಷ್ಟು ಚೆನ್ನಾಗಿ ಕುಣಿದವಳನ್ನ ಇವತ್ತೇ ನೋಡಿದ್ದು."

ಸೊಸೆ ಅಳಬೇಕೋ ನಗಬೇಕೋ ತಿಳಿಯದೆ ಮೂಗು ಒರೆಸಿಕೊಂಡಳು.

"ನಾಳೆ ಬೆಳಗ್ಗೆ ಬೇಗ ಏಳಮ್ಮ," ಎಂದರು ಮಾವ, ಕಾರಿನ ಬಾಗಿಲು ತೆಗೆಯುತ್ತ. "ಆ ಮೈದಾನದಲ್ಲಿ ಎಲ್ಲಾದ್ರೂ ಸರಿಯಾಗಿ ನಮ್ಮ ಅಂಗಳದಷ್ಟೇ ಇಳಿಜಾರಿರೋ ಜಾಗ ಇದ್ದೇ ಇರುತ್ತೆ. ಬೇರೆಯವರು ಬಂದು ಹಿಡಿಯೋ ಮೊದಲು ನಾವು ಹಿಡೀಬೇಕು."