ಭಾವ ಆರಿಸಿದ ಕ್ರಾಸ್‌ಬೋ

ನಮ್ಮ ಭಾವ ಜೀವಮಾನದಲ್ಲಿ ಒಂದು ಜಿರಲೆಯನ್ನೂ ಕೊಂದವರಲ್ಲ. ಆದರೂ ನಾನು ಅವರನ್ನು ಬೇಟೆಗಾರರೆಂದೇ ಕರೆಯುತ್ತೇನೆ. ಅವರ ಏಟಿಗೆ ಸಿಕ್ಕಿದ್ದು ಒಂದೇ ಒಂದು ಪ್ರಾಣಿ, ಅದು ನಾನು! ಅದೂ ಬಾಣ ಬಿಡದೆ, ಬಿಲ್ಲು ಮುಟ್ಟದೆ, ಆಫೀಸಿನ ಕುರ್ಚಿಯಲ್ಲಿ ಕೂತಲ್ಲಿಂದಲೇ ಹೊಡೆದರು. ನನ್ನ ಕೆಲಸ, ನನ್ನ ವೀಸಾ, ಮಗಳ ಶಾಲೆ ಎಲ್ಲವೂ ಒಂದು ವಾರ ಅವರ ಹುಚ್ಚಿಗೆ ಸಿಕ್ಕಿ ನೇತಾಡಿದವು. ನಗುವವರು ನಗಿ. ನನಗಂತೂ ಇನ್ನೂ ಪೂರ್ತಿ ನಗು ಬರುತ್ತಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಫುಟ್ಬಾಲ್ ವಿಶ್ವಕಪ್ಪು ನಡೆಸುವ ಅವಕಾಶ ಕತಾರಿಗೆ ಸಿಕ್ಕಿತೆಂದು ಗೊತ್ತಾದ ಮರುವರ್ಷವೇ ನಂಜನಗೂಡಿನಿಂದ ದೋಹಾಕ್ಕೆ ಬಂದವರು. ಸ್ಟೇಡಿಯಂಗಳ ಒಳಗಿನ ಕೆಲಸ ಮಾಡಿಕೊಡುವ ಕಂಪನಿಯೊಂದರಲ್ಲಿ ಖರೀದಿ ವಿಭಾಗ ಅವರದು. ನಲ್ಲಿ, ಬಾಗಿಲ ಹಿಡಿ, ಕನ್ನಡಿ, ಕುರ್ಚಿ, ಏನೇ ಬೇಕಿದ್ದರೂ ಅವರೇ ಆರಿಸಬೇಕು. ಅದಕ್ಕೊಂದು ಶಾಸ್ತ್ರವಿತ್ತು. ಮೂರು ಕಡೆಯಿಂದ ಕೊಟೇಷನ್, ಒಂದು ಹೋಲಿಕೆ ಪಟ್ಟಿ, ಕಡ್ಡಾಯವಾಗಿ ಒಂದೊಂದು ಸ್ಯಾಂಪಲ್. ಸ್ಯಾಂಪಲ್ ಕುರ್ಚಿ ಬಂದರೆ ಭಾವ ಅದರಲ್ಲಿ ಸರಿಯಾಗಿ ನಲವತ್ತೈದು ನಿಮಿಷ, ಅಂದರೆ ಅರ್ಧ ಆಟದ ಹೊತ್ತು, ಅಲ್ಲಾಡದೆ ಕೂರುತ್ತಿದ್ದರು. ಎದ್ದ ಮೇಲೆ ಯಾರೊಂದಿಗೂ ಮಾತಾಡದೆ ಹೋಗಿ ಅಂಕ ಬರೆಯುತ್ತಿದ್ದರು. ಪಕ್ಕದ ಮೇಜಿನವರು ಅವರಿಗೆ ಮೂಲವ್ಯಾಧಿ ಎಂದುಕೊಂಡಿದ್ದರು.

ಲಕ್ಷಾಂತರ ಜನರ ಆಸನ ಆರಿಸಿದ ಈ ಮನುಷ್ಯ ಸ್ವಂತಕ್ಕೆಂದು ಏನನ್ನೂ ಆರಿಸಿದವರಲ್ಲ. ಕೆಲಸ ಸೋದರಮಾವ ಹುಡುಕಿದ್ದು. ಮುಐದರ್‌ನ ಹಂಚಿಕೆಯ ವಿಲ್ಲಾದಲ್ಲಿ ಎರಡು ಮಂಚದ ಕೋಣೆ ಕಂಪನಿ ಕೊಟ್ಟದ್ದು. ಹೆಂಡತಿ ಅವರಮ್ಮ ಒಪ್ಪಿದ್ದು. "ನಿಮ್ಮಕ್ಕನ ವಿಷಯದಲ್ಲಿ ಎರಡನೇ ಕೊಟೇಷನ್ನೇ ತರಿಸಲಿಲ್ಲ ಕಣಯ್ಯ," ಎನ್ನುತ್ತಿದ್ದರು. ಅದು ಹೊಗಳಿಕೆಯೋ ದೂರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕ ಸರ್ಕಾರಿ ಶಾಲೆಯ ಟೀಚರ್, ಕೆಲಸ ಬಿಟ್ಟು ಬರಲಿಲ್ಲ. ಹಾಗಾಗಿ ವರ್ಷಕ್ಕೊಂದು ತಿಂಗಳು ಗಂಡ, ಹನ್ನೊಂದು ತಿಂಗಳು ಖರೀದಿ ಅಧಿಕಾರಿ. ಹೀಗೇ ಅವರ ತಲೆ ನರೆಯಿತು.

ನನ್ನನ್ನೂ ಅದೇ ಕಂಪನಿಗೆ ಸೇರಿಸಿದವರು ಅವರೇ. ಸಂಬಂಧಿಕರು ಒಂದೇ ಕಡೆ ಇರಬಾರದೆಂಬ ನಿಯಮವಿತ್ತು. ಅರ್ಜಿಯಲ್ಲಿ "ಈ ಸಂಸ್ಥೆಯಲ್ಲಿ ನಿಮ್ಮ ಸಂಬಂಧಿಕರಿದ್ದಾರೆಯೇ" ಎಂಬ ಪ್ರಶ್ನೆಗೆ ಭಾವನೇ ಬೆರಳಿಟ್ಟು ತೋರಿಸಿ, "ಇಲ್ಲಿ ಇಲ್ಲ ಅಂತ ಹಾಕು," ಅಂದರು. ಹಾಕಿದೆ. ಅಲ್ಲಿಂದ ಆಫೀಸಿನಲ್ಲಿ ನಾವಿಬ್ಬರೂ ಅಪರಿಚಿತರು. ಶುಕ್ರವಾರ ಮಾತ್ರ ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿಗೆ ಬಂದು, ನನ್ನ ಹೆಂಡತಿ ಮಾಡಿದ ಹುಳಿ ಉಂಡು, ಮತ್ತೆ ಭಾವ ಆಗುತ್ತಿದ್ದರು.

ಒಂದು ಚಳಿಗಾಲ ಕಂಪನಿಯ ಯಜಮಾನರು ಎಲ್ಲರನ್ನೂ ಮರುಭೂಮಿಯ ಟೆಂಟಿಗೆ ಕರೆದೊಯ್ದರು. ಕೈಮೇಲೆ ಗಿಡುಗ ಕೂರಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತ ಬಂದರು, ನಿಮ್ಮ ಊರಲ್ಲಿ ಏನು ಬೇಟೆ ಎಂದು. ಒಬ್ಬ ಹಂದಿ ಎಂದ, ಒಬ್ಬ ಜಿಂಕೆ ಎಂದ, ಸುಳ್ಳು ಹೇಳಲು ಯಾರಿಗೇನು ಖರ್ಚು? ನಮ್ಮ ಭಾವನ ಸರದಿ ಬಂದಾಗ ನಿಜ ಹೇಳಿಬಿಟ್ಟರು: "ನಮ್ಮ ಮನೇಲಿ ಈರುಳ್ಳೀನೂ ಹಾಕಲ್ಲ ಸಾರ್." ಯಾರೋ ಅದನ್ನು ಅರಬ್ಬಿಗೆ ಅನುವಾದಿಸಿದರು. ಟೆಂಟಿಗೆ ಟೆಂಟೇ ನಕ್ಕಿತು. ಗಿಡುಗವೊಂದೇ ನಗಲಿಲ್ಲ. ನಾನು? ನಾನೂ ನಕ್ಕೆ, ಅಪರಿಚಿತನಲ್ಲವೇ.

ಮುಂದಿನ ಶುಕ್ರವಾರ ಊಟದ ನಡುವೆ ಭಾವ ಹೇಳಿದರು, "ಬೇಟೆಗೆ ಒಂದು ಕ್ರಾಸ್‌ಬೋ ಆರಿಸೋಣ ಅಂತಿದೀನಿ ಕಣಯ್ಯ. ಕಾಂಪ್ಯಾಕ್ಟ್‌ದು."

ಬಂದೂಕಿನ ಮರದ ಹಿಡಿಯಂಥದ್ದರ ಮೇಲೆ ಬಿಲ್ಲನ್ನು ಅಡ್ಡ ಕಟ್ಟಿ, ಟ್ರಿಗರ್ ಒತ್ತಿದರೆ ಬಾಣ ಹಾರುವಂತೆ ಮಾಡಿದ ಯಂತ್ರ ಅದು. ಇಂಥದ್ದನ್ನು ನಮ್ಮಂಥವರು ಈ ದೇಶಕ್ಕೆ ತರಿಸುವಂತಿಲ್ಲ, ಬೇಟೆಯನ್ನೂ ಆಡುವಂತಿಲ್ಲ ಎಂದೆ.

"ತರಿಸ್ತೀನಿ ಅಂತ ಯಾರಂದ್ರು? ಆರಿಸ್ತೀನಿ ಅಷ್ಟೆ."

"ಆರಿಸಿ ಯಾವ ಪ್ರಾಣಿ ಹೊಡೀತೀರಿ ಭಾವ?"

"ಅದು ಬಳಸೋನು ತೀರ್ಮಾನ ಮಾಡ್ಬೇಕು. ಖರೀದಿಯವನ ಕೆಲಸ ಅಲ್ಲ ಅದು."

"ಬಳಸೋನು ಯಾರು?"

ಭಾವ ಮಜ್ಜಿಗೆ ಕೇಳಿದರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಕಾಂಪ್ಯಾಕ್ಟ್ ಯಾಕೆಂದರೆ ಅವರ ಪಾಲಿನ ಕಬ್ಬಿಣದ ಬೀರುವಿನಲ್ಲಿ ಅಕ್ಕಿ ಚೀಲದ ಪಕ್ಕ ಉಳಿದಿದ್ದು ಎರಡು ಗೇಣು ಜಾಗ. ಸಿಂಹ ಬರಲಿ ಹುಲಿ ಬರಲಿ, ಆಯುಧ ಆ ಎರಡು ಗೇಣಿನಲ್ಲಿ ಹಿಡಿಸಬೇಕು! ಭಾವ ಕುರ್ಚಿ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಒಂದೊಂದು ಮಾದರಿಯ ಅಳತೆಗೂ ಒಂದೊಂದು ರಟ್ಟಿನ ಕ್ರಾಸ್‌ಬೋ ಮಾಡಿದರು. ಅದನ್ನು ಎದೆಗಾನಿಸಿಕೊಂಡು ಬಚ್ಚಲಿನ ಓಣಿಯಲ್ಲಿ ತಿರುಗಿ ನೋಡುತ್ತಿದ್ದಾಗ, ಅವರ ಕೋಣೆಯ ಜೊತೆಗಾರ, ಪುತ್ತೂರಿನ ಬ್ಯಾರಿ, ಟವೆಲ್ಲಿನಲ್ಲೇ ನಿಂತುಬಿಟ್ಟರಂತೆ.

"ಎಂತ ಮಾರಾಯ್ರೆ ಇದು?"

"ಮೂಲೆ ತಿರುಗುವಾಗ ತಾಗುತ್ತಾ ಅಂತ ನೋಡ್ತಿದೀನಿ."

"ಬಚ್ಚಲಿಗೆ ಹೋಗ್ಲಿಕ್ಕೆ ಇದೆಲ್ಲ ಬೇಕಾ ನಿಮಗೆ?"

ಆಮೇಲೆ ಎಳೆತದ ಪ್ರಶ್ನೆ ಬಂತು. ಕ್ರಾಸ್‌ಬೋದ ದಾರವನ್ನು ಕಾಲಿನಿಂದ ಒತ್ತಿ ಹಿಡಿದು ಎರಡೂ ಕೈಯಲ್ಲಿ ಎಳೆದು ಕೊಂಡಿಗೆ ಸಿಕ್ಕಿಸಬೇಕು. ಬಿಲ್ಲು ಚಿಕ್ಕದಾದಷ್ಟೂ ಎಳೆತ ಬಿಗಿ. ಎಳೆತ ಸಡಿಲ ಮಾಡಿದರೆ ಬಾಣ ಕಾಲಬುಡದಲ್ಲೇ ಬೀಳುತ್ತದೆ. ತಮ್ಮ ಶಕ್ತಿಯೆಷ್ಟು ಎಂದು ನೋಡಲು ಭಾವ ಎರಡು ಅಕ್ಕಿ ಚೀಲಕ್ಕೆ ಹಗ್ಗ ಕಟ್ಟಿ ಎಳೆದರು. ಚೀಲ ಮೇಲೆದ್ದಿತು, ಭಾವ ಏಳಲಿಲ್ಲ. ನಾಲ್ಕು ದಿನ ರಜೆ. ಐದನೇ ದಿನ ಆಫೀಸಿಗೆ ಬಂದವರೇ ಪಟ್ಟಿಯಲ್ಲಿ ಹೊಸ ಕಾಲಂ ಸೇರಿಸಿದರು: "ಬಳಸುವವರ ಸೊಂಟ".

ಮೂರು ವರ್ಷ ಹೀಗೆ ನಡೆಯಿತು. ಸ್ಟೇಡಿಯಂಗಳು ಒಂದೊಂದಾಗಿ ಮುಗಿದವು, ಕೆಲಸ ಮುಗಿದವರನ್ನು ಬಸ್ಸುಗಟ್ಟಲೆ ವಿಮಾನ ನಿಲ್ದಾಣಕ್ಕೆ ಸಾಗಿಸಿದರು. ನಾವು ಪ್ರತಿ ಭಾನುವಾರ ಹೋಗಿ ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಗೆರೆ ಬಿದ್ದಿದೆಯೇ ಎಂದು ನೋಡಿ ಬರುತ್ತಿದ್ದೆವು. ಹಬ್ಬಕ್ಕೆ ಮನೆ ಗುಡಿಸಿದ ಕಸಬರಿಕೆಯನ್ನು ಹಬ್ಬದ ಹೊತ್ತಿಗೆ ಹೊರಗೆಸೆಯುವುದು ಎಲ್ಲ ಕಡೆಯೂ ಇದ್ದದ್ದೇ. ಅಂಥ ಹೊತ್ತಿನಲ್ಲಿ, ಪಂದ್ಯಗಳಿಗೆ ಕೆಲವೇ ತಿಂಗಳಿರುವಾಗ, ನಮ್ಮ ಭಾವನ ಹೋಲಿಕೆ ಪಟ್ಟಿ ಪೂರ್ತಿಯಾಯಿತು. ಮೂರು ಮಾದರಿ ಅಂತಿಮ ಸುತ್ತಿಗೆ ಬಂದವು. ಇನ್ನು ಸ್ಯಾಂಪಲ್ ನೋಡದೆ ಆರಿಸಿದರೆ ವೃತ್ತಿಗೇ ದ್ರೋಹವಲ್ಲವೇ?

ಭಾವ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಮೂವರು ತಯಾರಕರಿಗೂ ಸ್ಯಾಂಪಲ್ ಕೇಳಿ ಪತ್ರ ಬರೆದರು. ಪತ್ರಕ್ಕೆ ಬೇಡಿಕೆ ಫಾರಂ ಲಗತ್ತಿಸಬೇಕು. ಖರೀದಿಯವನು ತನಗೆ ತಾನೇ ಬೇಡಿಕೆ ಸಲ್ಲಿಸುವಂತಿಲ್ಲ, ಅದು ಅಕ್ರಮ. ಹನ್ನೊಂದು ವರ್ಷದಲ್ಲಿ ಒಂದು ಪೆನ್ನನ್ನೂ ಅಕ್ರಮವಾಗಿ ತಂದವರಲ್ಲ. ಆದ್ದರಿಂದ ಪರಮ ಪ್ರಾಮಾಣಿಕತೆಯಿಂದ ಅವರು "ಬೇಡಿಕೆ ಸಲ್ಲಿಸಿದವರು" ಎಂಬಲ್ಲಿ ನನ್ನ ಹೆಸರು ಹಾಕಿದರು!

ಇಬ್ಬರು ಉತ್ತರಿಸಲಿಲ್ಲ. ಮೂರನೆಯವನು ವಿಶ್ವಕಪ್ ಕಂಪನಿಯ ಲೆಟರ್‌ಹೆಡ್ಡು ನೋಡಿ ಎಷ್ಟು ಸಾವಿರ ಬೇಕಾಗಬಹುದೆಂದು ಕನಸು ಕಂಡನೋ, ಸ್ಯಾಂಪಲ್ ಕಳಿಸಿಯೇಬಿಟ್ಟ. ಅದು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿತ್ತು. ಸರ್ಕಾರಿ ಕಚೇರಿಗಳಿಗೆ ಓಡಾಡುವ ನಮ್ಮ ಪಿಆರ್‌ಒ ಎಂಥದ್ದಕ್ಕೂ "ಮಾಫಿ ಮುಶ್ಕಿಲ್", ತೊಂದರೆಯಿಲ್ಲ, ಎನ್ನುವ ಮನುಷ್ಯ. ಅವತ್ತು ನನ್ನ ಮೇಜಿನ ಮೇಲೆ ಆ ಫಾರಂ ಇಟ್ಟು, ಬರೀ "ಮುಶ್ಕಿಲ್" ಎಂದು ಹೋದ.

ಸಂಜೆ ಮನೆಗೆ ಹೋದವನೇ ಭಾವನಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಬೈದೆ. ನಿಮ್ಮ ಹಣೆಬರಹಕ್ಕೆ ನನ್ನ ಮಗಳ ಶಾಲೆ ಯಾಕೆ ಬಲಿ ಎಂದೆ. ಹೆಂಡತಿ ಪಕ್ಕದಲ್ಲೇ ಅಳುತ್ತಿದ್ದಳು. ಅವರು, "ಫಾರಂ ಸರಿಯಾಗೇ ತುಂಬಿದೀನಲ್ಲಯ್ಯ," ಎಂದರು. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ನಾನು ಫೋನು ಇಟ್ಟೆ.

ವಿಚಾರಣೆಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಕಂಪನಿ ಕ್ಷಮಾಪಣೆ ಬರೆದುಕೊಟ್ಟು ಸ್ಯಾಂಪಲ್ ಹಿಂದಕ್ಕೆ ಕಳಿಸಿತ್ತು. ಈಗ ತಪ್ಪಿತಸ್ಥನೊಬ್ಬನ ಹೆಸರು ಬೇಕಿತ್ತು. ಎಚ್ಆರ್ ಮ್ಯಾನೇಜರ್ ಭಾವನ ಕಡೆ ಕೈ ತೋರಿಸಿ ನನ್ನನ್ನು ಕೇಳಿದರು, "ಇವರು ನಿಮಗೇನಾಗಬೇಕು?"

ಭಾವ ನನ್ನಿಂದ ಒಂದು ಮೊಳ ದೂರದಲ್ಲಿದ್ದರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಅಳತೆ ಟೇಪು.

"ಏನೂ ಆಗಬೇಕಿಲ್ಲ ಸಾರ್," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇವರಿಗೆ ಸ್ವಲ್ಪ ತಲೆ ಸರಿಯಿಲ್ಲ ಅಂತ ಎಲ್ಲರಿಗೂ ಗೊತ್ತು," ಎಂದೂ ಸೇರಿಸಿದೆ.

ಭಾವ ನನ್ನ ಕಡೆ ತಿರುಗಲಿಲ್ಲ. ಮ್ಯಾನೇಜರಿಗೆ, ಹೌದು, ಇವರು ನನಗೇನೂ ಆಗಬೇಕಿಲ್ಲ ಎಂದರು. ಫಾರಂ ಎಳೆದುಕೊಂಡು ನನ್ನ ಹೆಸರಿನ ಮೇಲೆ ಒಂದೇ ಗೆರೆ ಎಳೆದು, ತಮ್ಮ ಹೆಸರು ಬರೆದು, ತಿದ್ದುಪಡಿಯ ಪಕ್ಕ ನಿಯಮದಂತೆ ಪುಟ್ಟ ಸಹಿ ಹಾಕಿದರು. ಹತ್ತು ದಿನಕ್ಕೆ ಅವರ ಕೆಲಸ, ವೀಸಾ ಎರಡೂ ಖಲಾಸ್.

ವಿಮಾನ ನಿಲ್ದಾಣಕ್ಕೆ ನಾನು ಹೋಗಲಿಲ್ಲ. ಸೈಟಿನಲ್ಲಿ ಕೆಲಸವಿದೆ ಎಂದೆ, ಇರಲಿಲ್ಲ. ಸಿಟ್ಟು ಇಳಿದಿರಲಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಮುಖ ತೋರಿಸುವ ಧೈರ್ಯವಿರಲಿಲ್ಲ ಎಂಬುದು ಸರಿಯಾದ ಮಾತು. ಪುತ್ತೂರಿನವರೇ ಕಾರಿನಲ್ಲಿ ಬಿಟ್ಟು ಬಂದರು. ವಿಶ್ವಕಪ್ಪು ಬಂತು, ಪಟಾಕಿ ಸಿಡಿಯಿತು, ಜಗತ್ತೇ ಬಂದು ಭಾವ ಆರಿಸಿದ ಕುರ್ಚಿಗಳ ಮೇಲೆ ಕೂತು ಕೇಕೆ ಹಾಕಿ ಎದ್ದು ಹೋಯಿತು. ನನ್ನ ಕೆಲಸ ಉಳಿಯಿತು. ಶುಕ್ರವಾರ ಹುಳಿ ಮಿಗತೊಡಗಿತು.

ಮರುವರ್ಷ ರಜೆಗೆ ಹೋದಾಗ ನಂಜನಗೂಡಿನ ಅಕ್ಕನ ಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಎರಡೆರಡು ಸಲ ಜೋಡಿಸಿಟ್ಟೆ. ಗಂಡನ ಕೆಲಸ ಕಳೆದವನೆಂದು ಅಕ್ಕ ಏನೆನ್ನುವಳೋ, ಅವಳೆದುರು ಏನು ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಅಕ್ಕ ಕೈ ಹಿಡಿದು ಎಳೆದುಕೊಂಡು ಹೋಗಿ ಎಲೆ ಮುಂದೆ ಕೂರಿಸಿದಳು. ಭಾವ ಎದುರಿಗೆ ಕೂತಿದ್ದರು, ಸ್ವಲ್ಪ ಸೊರಗಿದ್ದರು.

"ನೀನು ಅಷ್ಟೆಲ್ಲ ಮಾತಾಡ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ," ಎಂದಳು ಅಕ್ಕ, ಅನ್ನ ಬಡಿಸುತ್ತ. "ಆ ಮ್ಯಾನೇಜರ್ ಮುಂದೆ 'ಇವರು ನಮ್ ಭಾವ, ಇವರನ್ನ ಕಳಿಸೋದಾದ್ರೆ ನನ್ನೂ ಕಳಿಸಿ' ಅಂತ ಎದ್ದು ನಿಂತ್ಯಂತೆ. ಇವರೇ ಕೈ ಹಿಡ್ಕೊಂಡು ಕೂರಿಸಿದ್ರಂತೆ. ಬಂದೋರಿಗೆಲ್ಲ ಅದೇ ಕಥೆ ಹೇಳ್ತಾರೆ. ನಮ್ ಸ್ಕೂಲ್ ಮೇಡಮ್ಮುಗಳಿಗೂ ಗೊತ್ತು."

ನಾನು ಭಾವನ ಮುಖ ನೋಡಿದೆ. ಅಕ್ಕಾ, ಹಾಗಲ್ಲ ಎನ್ನಲು ಬಾಯಿ ತೆರೆದೆ. ಭಾವ ಅಕ್ಕನಿಗೆ ಕಾಣದಂತೆ ತಲೆಯಾಡಿಸಿ ಬೇಡವೆಂದರು.

"ಊಟ ಮಾಡಯ್ಯ," ಎಂದರು. "ಹುಳಿ ಆರುತ್ತೆ."

ಅಕ್ಕ ಇನ್ನೊಂದು ಸೌಟು ಹಾಕಿದಳು. ನಾನು ಕೈ ಅಡ್ಡ ಹಿಡಿಯದೆ, ತಲೆ ತಗ್ಗಿಸಿ ಅಷ್ಟನ್ನೂ ಉಂಡೆ.