ಅಂಗಳದ ಸಂತೆಗೆ ಹೋದ ನಂಗಲಿ ಡಬ್ಬಿ

ನೌಕರರ ವಸತಿಗೃಹ ಉಸ್ತುವಾರಿ ಕಚೇರಿ, ಮುಳಬಾಗಿಲು
ಸಂಖ್ಯೆ: ವಗೃ/ಅಂಗಳ/ಹಸಾಸಂ/7/1983-84
ದಿನಾಂಕ: 31-10-1983

ಸುತ್ತೋಲೆ

ವಿಷಯ: ವಸತಿಗೃಹದ ಅಂಗಳದಲ್ಲಿ ನಿವಾಸಿಗಳು ಸೇರಿ ನಡೆಸುವ ಹಳೇ ಸಾಮಾನಿನ ಸಂತೆಯಲ್ಲಿ ಪಾಲಿಸಬೇಕಾದ ಶಿಸ್ತು ಹಾಗೂ ‘ಮಾಲೀಕರು’ ಎಂಬ ಪದದ ತಿದ್ದುಪಡಿ ಬಗ್ಗೆ.

ಉಲ್ಲೇಖ: 1) ಇದೇ ಕಚೇರಿಯ ಹಿಂದಿನ ಸುತ್ತೋಲೆ (ಪ್ರತಿಗಳು ಸದ್ಯ ಎಲ್ಲ ಮನೆಗಳ ಉಪ್ಪಿನಕಾಯಿ ಜಾಡಿಗಳ ಕೆಳಗಿರುತ್ತವೆ).
2) ಮೇಲ್ಮನೆಯ ಶ್ರೀಮತಿ ದೊಡ್ಡಮುನಿಯಮ್ಮನವರು ಮೆಟ್ಟಿಲ ಮೇಲೆ ನಿಂತು ನೀಡಿದ ಹೇಳಿಕೆ.
3) ಶ್ರೀಮತಿ ಆದಿಲಕ್ಷ್ಮಮ್ಮನವರು ಅಡುಗೆಮನೆ ಬಾಗಿಲಲ್ಲಿ ನೀಡಿದ, ಮೇಲ್ಮನವಿಗೆ ಅವಕಾಶವಿಲ್ಲದ ಹೇಳಿಕೆ.

ಪ್ರಸ್ತಾವನೆ:

ಆಯುಧಪೂಜೆಗೆಂದು ಮನೆ ಚೊಕ್ಕ ಮಾಡುವಾಗ ಹೊರಬಿದ್ದ ಸಾಮಾನನ್ನು ನಿವಾಸಿಗಳು ತಮ್ಮತಮ್ಮಲ್ಲೇ ಮಾರಿ ಕೊಳ್ಳಲಿ ಎಂಬ ಸದುದ್ದೇಶದಿಂದ ಅಂಗಳದಲ್ಲಿ ಒಂದು ಸಂತೆಯನ್ನು ಏರ್ಪಡಿಸಲಾಗಿತ್ತು. ಹೊರಗಿನವರಿಗೆ ಪ್ರವೇಶವಿಲ್ಲದ ಕಾರಣ ಕೆಳಮನೆಯ ಸಾಮಾನು ಮೇಲ್ಮನೆಗೂ ಮೇಲ್ಮನೆಯದು ಕೆಳಮನೆಗೂ ಹೋಗಿ, ಕಟ್ಟಡದಲ್ಲಿನ ಹಳೇ ಸಾಮಾನಿನ ಒಟ್ಟು ಪ್ರಮಾಣದಲ್ಲಿ ಯಾವುದೇ ಇಳಿಕೆ ಕಂಡುಬಂದಿರುವುದಿಲ್ಲ. ಪಾತ್ರೆಗಳು ಅದಲುಬದಲಾಗಿ ಜಗಳವಾಗದಿರಲೆಂದು, ಹೆಸರು ಕೊರೆಯುವವರೊಬ್ಬರನ್ನು ಹೊಂಗೆಮರದಡಿ ಕೂರಿಸಿ, ಕೊಂಡವರ ಹೆಸರನ್ನು ಪಾತ್ರೆಯ ಮೇಲೆ ಸ್ಥಳದಲ್ಲೇ ಕೊರೆಸಲಾಗಿತ್ತು. ಜಗಳ ಶುರುವಾದದ್ದು ಇಲ್ಲಿಂದಲೇ ಎಂದು ತಿಳಿದುಬಂದಿದೆ.

ಸಂತೆಯ ಉಸ್ತುವಾರಿಯೂ ಈ ಸುತ್ತೋಲೆಯ ಸಹಿದಾರರೂ ಆದ ಶ್ರೀ ಕೋದಂಡರಾಮಪ್ಪನವರು, ಮಾದರಿಯಾಗಿರಬೇಕೆಂಬ ಹುರುಪಿನಲ್ಲಿ ತಮ್ಮ ಮನೆಯ ಅಟ್ಟದಿಂದ ಹಿತ್ತಾಳೆಯ ಮುಚ್ಚಳದ ಡಬ್ಬಿಯೊಂದನ್ನು ಇಳಿಸಿ ಮಾರಾಟಕ್ಕಿಟ್ಟರು. ಅವರ ಧರ್ಮಪತ್ನಿ ಶ್ರೀಮತಿ ಆದಿಲಕ್ಷ್ಮಮ್ಮನವರು ಅಂದು ತಮ್ಮನ ಮಗುವಿನ ನಾಮಕರಣಕ್ಕಾಗಿ ತವರೂರಾದ ನಂಗಲಿಯಲ್ಲಿದ್ದರು. ಡಬ್ಬಿಯ ಮೇಲೆ ‘ಚಿಕ್ಕಗಂಗಮ್ಮ, ನಂಗಲಿ’ ಎಂದು ಕೊರೆದಿತ್ತು. ಇವರು ಆದಿಲಕ್ಷ್ಮಮ್ಮನವರ ತಾಯಿ. ತಿಂಗಳಿಗೊಮ್ಮೆ ಇದೇ ಡಬ್ಬಿಯಲ್ಲಿ ಮಗಳಿಗೆ ಹುರಿಹಿಟ್ಟು ತುಂಬಿ ಕಳುಹಿಸುತ್ತಿದ್ದು, ಹೋದ ವರ್ಷ ತೀರಿಕೊಂಡಿರುತ್ತಾರೆ. ಡಬ್ಬಿಯನ್ನು ದೊಡ್ಡಮುನಿಯಮ್ಮನವರು ಕೊಂಡು, ಹಳೆಯ ಹೆಸರಿನ ಕೆಳಗೇ ತಮ್ಮ ಹೆಸರನ್ನೂ ಕೊರೆಸಿಕೊಂಡರು.

ಆದ್ದರಿಂದ, ಮುಂಬರುವ ದೀಪಾವಳಿ ಸಂತೆಗೆ ಅನ್ವಯಿಸುವಂತೆ ಈ ಕೆಳಕಂಡ ನಿಯಮಗಳನ್ನು ಈ ಮೂಲಕ ಹೊರಡಿಸಲಾಗಿದೆ.

1. ಒರಳುಕಲ್ಲನ್ನು ಮಾರಾಟಕ್ಕಾಗಿ ಮಹಡಿಯಿಂದ ಇಳಿಸುವವರು, ಮಾರಾಟವಾಗದಿದ್ದಲ್ಲಿ ಅದನ್ನು ಮರಳಿ ಹತ್ತಿಸುವವರ ಒಪ್ಪಿಗೆಯನ್ನು ಮೊದಲೇ ಪಡೆದಿರತಕ್ಕದ್ದು. ಶ್ರೀ ವೆಂಕಟರಮಣಪ್ಪನವರ ಒರಳುಕಲ್ಲು ಇಂದಿಗೂ ನಲ್ಲಿಯ ಮುಂದೆಯೇ ಇದ್ದು, ಇಳಿಸಲು ಕೈಹಾಕಿದವರೆಲ್ಲ ಸೊಂಟನೋವಿನ ರಜೆಯ ಮೇಲಿರುತ್ತಾರೆ.

2. ಮದುವೆಯಲ್ಲಿ ಮುಯ್ಯಿಯಾಗಿ ಬಂದ ಪಾತ್ರೆಯನ್ನು ಮಾರುವಾಗ, ಮುಯ್ಯಿ ಮಾಡಿದವರು ಇದೇ ಕಟ್ಟಡದಲ್ಲಿದ್ದರೆ ಅವರ ಹೆಸರಿರುವ ಬದಿಯನ್ನು ಗೋಡೆಯತ್ತ ತಿರುಗಿಸಿಡತಕ್ಕದ್ದು. ಮುಯ್ಯಿ ಮಾಡಿದವರು ಆ ಪಾತ್ರೆಯ ಮುಂದೆ ಹಾದುಹೋಗುವಾಗ ಆಕಾಶ ನೋಡತಕ್ಕದ್ದು. ಮೋಡವಿಲ್ಲದ ದಿನವೂ ಈ ನಿಯಮ ಅನ್ವಯಿಸುತ್ತದೆ.

3. ತಟ್ಟಿದರೆ ಮಾತ್ರ ಹಾಡುವ ರೇಡಿಯೊವನ್ನು ‘ಸುಸ್ಥಿತಿಯಲ್ಲಿದೆ’ ಎಂದು ಮಾರುವಂತಿಲ್ಲ. ಎಲ್ಲಿ, ಎಷ್ಟು ಜೋರಾಗಿ ತಟ್ಟಬೇಕೆಂಬುದನ್ನು ಕೊಳ್ಳುವವರಿಗೆ ತೋರಿಸಿಕೊಡತಕ್ಕದ್ದು. ಮಾರಾಟದ ನಂತರ ತಟ್ಟಲು ಕರೆದಾಗಲೆಲ್ಲ ಹೋಗತಕ್ಕದ್ದು. ಊಟದ ಹೊತ್ತಿಗೇ ಹೋಗಕೂಡದು.

4. ಯಾವುದೇ ಪಾತ್ರೆ ಖಾಲಿ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ನಿರುಪಯುಕ್ತವೆಂದು ಘೋಷಿಸತಕ್ಕದ್ದಲ್ಲ. ಖಾಲಿ ಏಕಿದೆ ಎಂದು ಮನೆಯವರನ್ನು ಮೊದಲು ವಿಚಾರಿಸತಕ್ಕದ್ದು. ಸಹಿದಾರರು ವಿಚಾರಿಸಲಿಲ್ಲ.

5. ಮಾರಾಟವಾದ ಪಾತ್ರೆಯನ್ನು ಹಿಂದಕ್ಕೆ ಪಡೆಯುವ ಅಧಿಕಾರ ಈ ಕಚೇರಿಗಿಲ್ಲ. ಆದಾಗ್ಯೂ ಆದಿಲಕ್ಷ್ಮಮ್ಮನವರು ನಂಗಲಿಯಿಂದ ಮರಳಿ ಡಬ್ಬಿಗಾಗಿ ಹುಡುಕಿದ ವಿಷಯ ಕಿವಿಗೆ ಬಿದ್ದ ಕೂಡಲೇ ದೊಡ್ಡಮುನಿಯಮ್ಮನವರು ಅದನ್ನು ತೊಳೆದು, ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ, ಮೆಟ್ಟಿಲಿಳಿದು ಬಂದರು. “ತಾಯಿ ಕೊಟ್ಟಿದ್ದು ಅಂತ ಗೊತ್ತಿದ್ರೆ ನಾನ್ಯಾಕೆ ಮುಟ್ತಿದ್ದೆ ಸ್ವಾಮಿ?” ಎಂದು ಹೇಳಿಕೆ ನೀಡಿರುತ್ತಾರೆ. ಹೇಳಿಕೆಯ ತೆಲುಗು ಭಾಗವನ್ನು ಸಹಿದಾರರ ಮಾನದ ದೃಷ್ಟಿಯಿಂದ ಇಲ್ಲಿ ಅನುವಾದಿಸಿರುವುದಿಲ್ಲ. ಸಕ್ಕರೆ ಪಡಿತರದ್ದಾದ ಕಾರಣ ಆಹಾರ ಶಾಖೆಯ ಅಭಿಪ್ರಾಯ ಕೋರಲಾಗಿದೆ.

6. ಡಬ್ಬಿ ಮರಳಿದ ಮೇಲೆ ಪ್ರಕರಣ ಮುಕ್ತಾಯವಾಯಿತೆಂದು ಸಹಿದಾರರು ಭಾವಿಸಿದ್ದು ತಪ್ಪೆಂದು ಕಂಡುಬಂದಿದೆ. ಆದಿಲಕ್ಷ್ಮಮ್ಮನವರು ಡಬ್ಬಿಯನ್ನು ಸೆರಗಿನಿಂದ ಒರೆಸಿ, ಎರಡೂ ಹೆಸರುಗಳನ್ನು ನೋಡಿ, ಕೆಳಗಿನಂತೆ ತಿಳಿಸಿದರು: “ಡಬ್ಬಿ ಬಂತು, ಸರಿ. ಇಡೀ ಕಟ್ಟಡದಲ್ಲಿ ಮನೆಮನೆಗೂ ಹೋಗಿ ಸಂತೆಗೆ ಒಪ್ಪಿಗೆ ಕೇಳಿದ್ರಿ. ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?” ಸಹಿದಾರರು, ಮನೆ ಮಂಜೂರಾದವರೇ ಸಾಮಾನಿನ ಮಾಲೀಕರು ಎಂಬ ಹಿಂದಿನ ಸುತ್ತೋಲೆಯ ನಿಯಮವನ್ನು ಓದಿ ಹೇಳಿದರು. ಓದಬಾರದಿತ್ತು. ಶ್ರೀಮತಿಯವರು ಸಂಜೆಯ ಬಸ್ಸಿಗೇ ನಂಗಲಿಗೆ ಹೊರಟುಹೋದರು.

7. ಸಹಿದಾರರು ತಾವೇ ತೊಳಸಿದ ರಾಗಿಮುದ್ದೆಯ ಗಂಟುಗಳ ಬಗ್ಗೆ ನಿವಾಸಿಗಳು ಕಾರಿಡಾರಿನಲ್ಲಿ ಚರ್ಚಿಸುವುದನ್ನು ನಿಷೇಧಿಸಲಾಗಿದೆ. ಸಾರು ಕಳುಹಿಸುವವರು ಸದ್ದಿಲ್ಲದೆ ಕಳುಹಿಸತಕ್ಕದ್ದು. ಮುದ್ದೆಗಿಂತಲೂ ಮನೆಯೊಳಗಿನ ಮೌನ ನುಂಗಲು ಕಷ್ಟವಾಗಿದೆ ಎಂಬ ಅಂಶವನ್ನು ದಾಖಲೆಗಾಗಿ ನಮೂದಿಸಲಾಗಿದೆ.

8. ‘ಮಾಲೀಕರು’ ಎಂಬ ಪದಕ್ಕೆ ಹಿಂದಿನ ಸುತ್ತೋಲೆಯಲ್ಲಿ ನೀಡಿದ್ದ ಅರ್ಥವನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಮಾಲೀಕರು ಎಂದರೆ, ಆ ವಸ್ತು ಕಾಣದಾದಾಗ ಯಾರ ಕಣ್ಣಲ್ಲಿ ನೀರು ಬರುತ್ತದೆಯೋ ಅವರು ಎಂದು ಓದಿಕೊಳ್ಳತಕ್ಕದ್ದು. ಈ ತಿದ್ದುಪಡಿಯು ಹಿಂದಿನ ಸಂತೆಯ ದಿನದಿಂದಲೇ ಜಾರಿಗೆ ಬರುತ್ತದೆ. ಇದಕ್ಕೆ ಮೇಲಧಿಕಾರಿಗಳ ಅನುಮೋದನೆ ಪಡೆದಿರುವುದಿಲ್ಲ. ಪಡೆಯುವ ಉದ್ದೇಶವೂ ಇಲ್ಲ.

ಮೇಲ್ಕಂಡ ನಿಯಮಗಳನ್ನು ಮೀರುವವರಿಗೆ ಸಹಿದಾರರ ಇಂದಿನ ಸ್ಥಿತಿಯನ್ನೇ ನಿದರ್ಶನವಾಗಿ ತೋರಿಸಲಾಗುವುದು.

(ಸಹಿ)
ಕೋದಂಡರಾಮಪ್ಪ
ಪ್ರಭಾರ ಉಸ್ತುವಾರಿ, ನೌಕರರ ವಸತಿಗೃಹ, ಮುಳಬಾಗಿಲು

ಪ್ರತಿಗಳು:
1. ಎಲ್ಲ ನಿವಾಸಿಗಳಿಗೆ, ಜಾಡಿಗಳ ಕೆಳಗೆ ಹಾಸುವ ಮುನ್ನ ಒಮ್ಮೆ ಓದುವ ಕೋರಿಕೆಯೊಂದಿಗೆ.
2. ಶ್ರೀ ವೆಂಕಟರಮಣಪ್ಪನವರಿಗೆ, ಒರಳುಕಲ್ಲಿನ ಮೇಲೆ ಅಂಟಿಸಲಾಗಿದೆ.
3. ಶ್ರೀಮತಿ ದೊಡ್ಡಮುನಿಯಮ್ಮನವರಿಗೆ, ಕೃತಜ್ಞತೆಗಳೊಂದಿಗೆ.
4. ಕಚೇರಿ ಕಡತಕ್ಕೆ.
5. ಶ್ರೀಮತಿ ಆದಿಲಕ್ಷ್ಮಮ್ಮನವರಿಗೆ, ನಂಗಲಿ. ಈ ಪ್ರತಿಯನ್ನು ಅಂಚೆಗೆ ಹಾಕಿರುವುದಿಲ್ಲ. ಸಹಿದಾರರು ಭಾನುವಾರ ಮೊದಲ ಬಸ್ಸಿಗೆ ಖುದ್ದಾಗಿ ಬಂದು ಕೊಡತಕ್ಕದ್ದು. ಒಳಗೆ ಕರೆಯುವುದು ಬಿಡುವುದು ಶ್ರೀಮತಿಯವರ ವಿವೇಚನೆಗೆ ಸೇರಿದ್ದು. ಕರೆಯುವವರೆಗೆ ಸಹಿದಾರರು ಜಗಲಿಯ ಮೇಲೆ ಕೂತಿರತಕ್ಕದ್ದು, ಯಾವ ನಿಯಮವನ್ನೂ ಓದಿ ಹೇಳತಕ್ಕದ್ದಲ್ಲ.