ಉಪ್ಪಿನ ಅಧಿಕಾರ ಕೇಂದ್ರಕ್ಕೆ

ಪ್ರತಿ ಮನೆಯಲ್ಲೂ ಒಂದು ಸರ್ಕಾರ ಇರುತ್ತದೆ. ಅದಕ್ಕೆ ಚುನಾವಣೆ ಇಲ್ಲ, ಅವಧಿ ಇಲ್ಲ, ವಿರೋಧ ಪಕ್ಷವಂತೂ ಮೊದಲೇ ಇಲ್ಲ. ನಮ್ಮ ಮನೆಯಲ್ಲಿ ಮೂವತ್ತೊಂದು ವರ್ಷದಿಂದ ಆ ಸರ್ಕಾರ ನಾನೇ. ತಮಾಷೆಯೆಂದರೆ ಅದು ನನಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂತು, ಎಲ್ಲ ನಿನ್ನಿಚ್ಛೆ ತಂದೆ ಎಂದು ಶಿವನಿಗೆ ಹೇಳಿ ಏಳುತ್ತಿದ್ದೆ. ಎದ್ದವಳು ನೇರ ಅಡುಗೆಮನೆಗೆ ಹೋದರೆ ಆಮೇಲೆ ಎಲ್ಲ ನನ್ನಿಚ್ಛೆ. ಈ ಸಂಗತಿಯನ್ನು ನನಗೆ ತಿಳಿಸಿಕೊಡಲು ಅಮೆರಿಕವೇ ಬರಬೇಕಾಯಿತು.

ನರಸಿಂಹರಾಜಪುರದ ನಮ್ಮ ಅಡುಗೆಮನೆಗೆ ಅಮೆರಿಕ ಬಂದದ್ದು ಸೊಸೆ ಚೈತ್ರಳ ಜೊತೆ. ಅವಳು ಕೊಪ್ಪದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಾಳೆ. ಮಾರನೆಯ ದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಂಡರೇ ಅವಳ ತಲೆಗೆ ಹತ್ತುವುದಂತೆ. ಹಾಗಾಗಿ ಸಂಜೆ ನಾನು ಸೊಪ್ಪು ಬಿಡಿಸುತ್ತಿದ್ದರೆ ಅವಳು ಪಕ್ಕದಲ್ಲಿ ಮಣೆ ಹಾಕಿಕೊಂಡು ಓದುತ್ತಾಳೆ. ಹೈಸ್ಕೂಲಿನಲ್ಲಿ ಪೌರನೀತಿ ಪಾಸಾದದ್ದೇ ಶಿವನ ಕೃಪೆ ಎನ್ನುವವಳು ನಾನು. ಆದರೂ ಕೇಳುತ್ತ ಕೇಳುತ್ತ ಒಂದಿಷ್ಟು ಒಳಗೆ ಇಳಿಯಿತು. ಆಗ ಅವಳ ಪಾಠ ಅಮೆರಿಕದ ಸಂವಿಧಾನದ್ದು. ಅಲ್ಲಿಯವರು ಒಬ್ಬ ರಾಜನ ಕಾಟದಿಂದ ಬಿಡಿಸಿಕೊಂಡವರಂತೆ. ಮತ್ತೊಬ್ಬ ರಾಜ ತಮ್ಮೊಳಗೇ ಹುಟ್ಟಿಕೊಂಡರೆ ಗತಿಯೇನೆಂದು ಹೆದರಿ ಅಧಿಕಾರವನ್ನು ಮೂರು ಪಾಲು ಮಾಡಿದರಂತೆ. ಕಾನೂನು ಮಾಡುವವರು ಬೇರೆ, ನಡೆಸುವವರು ಬೇರೆ, ಸರಿಯೋ ತಪ್ಪೋ ತೀರ್ಮಾನಿಸುವವರು ಬೇರೆ. ಇಷ್ಟಕ್ಕೆ ಮೂರು ಗುಂಪು ಯಾಕೆ, ಇವತ್ತು ಹಾಗಲಕಾಯಿ ಎಂದು ಕಾನೂನು ಮಾಡುವವಳೂ ನಾನೇ, ಬೇಯಿಸುವವಳೂ ನಾನೇ, ತಿನ್ನದವರಿಗೆ ಬುದ್ಧಿ ಹೇಳುವವಳೂ ನಾನೇ ಎಂದು ನಾನು ನಕ್ಕೆ. ಚೈತ್ರ ನಗಲಿಲ್ಲ. ಪುಟ ತಿರುವಿದಳು. ನನಗೆ ಆಗಲೇ ಅರ್ಥವಾಗಬೇಕಿತ್ತು.

ಆಗಲಿಲ್ಲ. ಅರ್ಥವಾದದ್ದು ಒಂದು ಗುರುವಾರ ಅವಳು ರಟ್ಟಿನ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಬಸ್ಸಿಳಿದು ಬಂದಾಗ. ಒಳಗಿದ್ದದ್ದು ಕರೆಂಟಿನ ಒಲೆ. ಮಹಡಿಯ ಕೋಣೆಗೆ ಎಂದಳು. ಸೀತೂರಿನಲ್ಲಿ ನನ್ನ ತವರುಮನೆ ಎರಡಾದದ್ದು ಹೀಗೆಯೇ. ನಾನಾಗ ಲಂಗ ಹಾಕುವ ಹುಡುಗಿ. ಚಿಕ್ಕಮ್ಮ ಬಿಸಿನೀರಿಗೆಂದು ಜಗುಲಿಯಲ್ಲಿ ಒಂದು ಒಲೆ ಹೂಡಿದರು. ಬಿಸಿನೀರು ಹೋಗಿ ಗಂಜಿಯಾಯಿತು, ಗಂಜಿ ಹೋಗಿ ಅನ್ನ ಸಾರಾಯಿತು, ತಿಂಗಳು ಕಳೆಯುವುದರೊಳಗೆ ನಡುಮನೆಯಲ್ಲಿ ಗೋಡೆ ಎದ್ದಿತು. ಆ ಗೋಡೆಯ ಆಚೆಯಿಂದ ಚಿಕ್ಕಮ್ಮನ ಕೆಮ್ಮು ಕೇಳುತ್ತಿತ್ತು, ಹೋಗಿ ಮಾತಾಡಿಸುವಂತಿರಲಿಲ್ಲ. ನನಗಿರುವವನು ಒಬ್ಬನೇ ಮಗ, ಗಿರೀಶ. ಅವನೂ ಚೈತ್ರಳೂ ಒಂದೇ ಸೂರಿನಡಿಯಲ್ಲಿ ಬೇರೆ ಉಣ್ಣುವುದನ್ನು ನಾನು ಹೇಗೆ ನೋಡಲಿ?

ಎರಡು ದಿನ ಶಿವನ ಹತ್ತಿರ ಬಿಟ್ಟು ಯಾರ ಹತ್ತಿರವೂ ಮಾತಾಡಲಿಲ್ಲ. ಅವನು ಉತ್ತರ ಕೊಡುವ ಲಕ್ಷಣ ಕಾಣಲಿಲ್ಲ. ಶನಿವಾರ ಸೊಸೆಯನ್ನೇ ಕೇಳಿದೆ, ಬೇರೆ ಹೋಗ್ತೀರೇನೇ ಅಂತ.

ಅವಳು ಗಾಬರಿಯಾದಳು. ಆಮೇಲೆ ಮೆಲ್ಲಗೆ ಹೇಳಿದಳು: "ಬೇರೆ ಹೋಗಕ್ಕಲ್ಲ ಅತ್ತೆ. ಒಂದು ಲೋಟ ಟೀನಾದ್ರೂ ನನ್ನಿಷ್ಟದ ಹಾಗೆ ಮಾಡ್ಕಳಣ ಅನ್ನಿಸ್ತು. ಮದುವೆಯಾಗಿ ಎರಡು ವರ್ಷ ಆತು, ಈ ಅಡುಗೆಮನೇಲಿ ನಾನು ಒಂದು ಒಗ್ಗರಣೇನೂ ಹಾಕಿಲ್ಲ."

ನೆನಪು ಮಾಡಿಕೊಂಡೆ. ನಿಜ. ಕೆಲಸಕ್ಕೆ ಹೋಗುವ ಹುಡುಗಿ, ಪಾಪ ಸುಸ್ತಾಗಿರುತ್ತಾಳೆ ಎಂದು ನಾನು ಸೌಟು ಬಿಟ್ಟುಕೊಟ್ಟಿರಲಿಲ್ಲ. ಆ ಅಮೆರಿಕದ ರಾಜನೂ ಬಹುಶಃ ಪ್ರಜೆಗಳಿಗೆ ಸುಸ್ತಾಗಬಾರದೆಂದೇ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದನೇನೋ.

ಹಾಗಾದರೆ ಆ ಅಮೆರಿಕದವರು ಏನು ಮಾಡಿದರು ಎಂದು ಕೇಳಿದೆ. ಅವಳು ಮೇಡಂ ಆದಳು. ಹದಿಮೂರು ರಾಜ್ಯಗಳಂತೆ. ಮೊದಲು ಹಗ್ಗ ಸಡಿಲ ಬಿಟ್ಟು ನೋಡಿದರಂತೆ, ಕೇಂದ್ರದ ಮಾತನ್ನು ಯಾರೂ ಕೇಳಲಿಲ್ಲ. ಬಿಗಿದರೆ ಮತ್ತೆ ರಾಜನ ಕಾಟವೇ. ಕೊನೆಗೆ ಕೂತು, ಕೇಂದ್ರಕ್ಕೆ ಇಂತಿಂಥ ಅಧಿಕಾರ ಎಂದು ಒಂದೊಂದಾಗಿ ಬರೆದರಂತೆ. ಬರೆಯದೆ ಉಳಿದದ್ದು ರಾಜ್ಯಗಳಿಗೆ ಮತ್ತು ಜನರಿಗೆ. ಇಷ್ಟೇ ತಾನೆ, ನಾವೂ ಬರೆಯೋಣ ಎಂದೆ.

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ನನ್ನ ಪಟ್ಟಿ ಬರೆದೆ. ಉಪ್ಪು, ಹುಣಸೆಹುಳಿ, ಇಂಗು, ಹಾಲು ಕಾಯಿಸುವುದು, ಮೊಸರಿಗೆ ಹೆಪ್ಪು ಹಾಕುವುದು, ಉಪ್ಪಿನಕಾಯಿ ಜಾಡಿ, ಸಾರಿನ ಪುಡಿ, ದೇವರ ಎಡೆ, ಹಬ್ಬದ ಹೋಳಿಗೆ, ಹಿತ್ತಾಳೆ ಪಾತ್ರೆ, ರಾತ್ರಿ ಅಡುಗೆಮನೆಯ ಬಾಗಿಲು ಹಾಕುವುದು. ಹನ್ನೊಂದು. ಇನ್ನೇನು ಉಳಿಯಿತು, ಇವಳಿಗೆ ಈರುಳ್ಳಿ ಸಿಪ್ಪೆ ಬಿಟ್ಟು ಏನೂ ಸಿಗಲಿಲ್ಲವಲ್ಲ ಎಂದು ಒಳಗೊಳಗೇ ಮರುಕಪಟ್ಟೆ. ಚೈತ್ರ ಕೆಳಗೆ ಎರಡೇ ಹಕ್ಕು ಸೇರಿಸಿದಳು. ಒಂದು, ಅಡುಗೆ ಚೆನ್ನಾಗಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು, ಮುನಿಸಿಕೊಳ್ಳುವಂತಿಲ್ಲ. ಎರಡು, ಕಾರಣವಿಲ್ಲದೆ ಇನ್ನೊಬ್ಬರ ಟಿಫಿನ್ ಡಬ್ಬಿ ತೆರೆದು ಪರೀಕ್ಷಿಸುವಂತಿಲ್ಲ. ಎರಡನೆಯದು ಯಾರನ್ನು ಕುರಿತದ್ದು ಎಂದು ನಾನು ಕೇಳಲಿಲ್ಲ. ನಾಲ್ಕೂ ಜನ ಸಹಿ ಹಾಕಿದೆವು. ನಮ್ಮ ಯಜಮಾನರು ಎಂದಿನಂತೆ ಓದದೆ ಹಾಕಿದರು. ಹಾಳೆಯನ್ನು ಊಟದ ಜಾಗದ ಎದುರಿನ ಗೋಡೆಗೆ ಅಂಟಿಸಿದೆವು. ಕರೆಂಟಿನ ಒಲೆ ಅಟ್ಟ ಸೇರಿತು. ಮನೆ ಒಂದಾಗಿ ಉಳಿಯಿತಲ್ಲ ಎಂದು ಶಿವನಿಗೆ ಎರಡು ಬಿಲ್ವಪತ್ರೆ ಹೆಚ್ಚು ಏರಿಸಿದೆ.

ಸೋಮವಾರ ಪೂಜೆ ಮುಗಿಸಿ, ಇವತ್ತು ಕಡುಬು ಎಂದು ನಿಶ್ಚಯಿಸಿಕೊಂಡು ಬಂದರೆ, ಒಲೆಯ ಮೇಲೆ ಅವಲಕ್ಕಿ ಒಗ್ಗರಣೆ ಚಟಪಟ ಎನ್ನುತ್ತಿದೆ. ಇದೆಂತದೇ ಎಂದೆ. ಅವಳು ಸೌಟಿನಲ್ಲೇ ಗೋಡೆ ತೋರಿಸಿದಳು. ಓದಿದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಇವತ್ತು ಏನು ಅಡುಗೆ ಎಂದು ತೀರ್ಮಾನಿಸುವ ಅಧಿಕಾರ ಎಲ್ಲೂ ಇರಲಿಲ್ಲ. ಉಪ್ಪು ನನ್ನದು. ಅದು ಯಾವುದರೊಳಗೆ ಬೀಳಬೇಕು ಎನ್ನುವುದು ನನ್ನದಲ್ಲ.

ತಿದ್ದುಪಡಿ ಬೇಕೆಂದೆ. ಬೇಕಾದರೆ ಮಾಡಬಹುದಂತೆ, ಆದರೆ ಅಲ್ಲಿ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಒಪ್ಪಬೇಕಂತೆ. ನಮ್ಮ ಮನೆಯಲ್ಲಿ ಲೆಕ್ಕ ಸುಲಭ, ನಾಲ್ವರಲ್ಲಿ ಮೂರು ಜನ. ಗಿರೀಶ ತಟ್ಟೆಯಿಂದ ತಲೆ ಎತ್ತಲಿಲ್ಲ. ಯಜಮಾನರ ಮುಖ ನೋಡಿದೆ. ಮೂವತ್ತೊಂದು ವರ್ಷ ಹಾಕಿದ್ದನ್ನು ಉಂಡು ಎದ್ದ ಮಹಾನುಭಾವರು ಅವತ್ತು ಮೊದಲನೇ ಹಕ್ಕನ್ನು ಚಲಾಯಿಸಿದರು.

"ಸೋಮವಾರ ಅಂದ್ರೆ ಕಡುಬು, ಮಂಗಳವಾರ ಅಂದ್ರೆ ಉಪ್ಪಿಟ್ಟು. ವಾರ ಮರೆತುಹೋದ್ರೆ ತಟ್ಟೆ ನೋಡಿದ್ರೆ ಸಾಕಿತ್ತು ಮಾರಾಯ್ತಿ."

ಮುನಿಸಿಕೊಳ್ಳುವಂತಿರಲಿಲ್ಲ. ಹಿತ್ತಿಲಿಗೆ ಹೋಗಿ ಹಿತ್ತಾಳೆ ಪಾತ್ರೆ ತಿಕ್ಕಿದೆ. ಅದು ನನ್ನ ಪಟ್ಟಿಯಲ್ಲಿದೆ.

ಆದರೆ ನಾಲ್ಕೈದು ದಿನ ಕಳೆದ ಮೇಲೆ ಪೂಜೆಗೆ ಕೂತಾಗ ಏನೋ ಹಗುರ ಎನಿಸಿತು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಇಷ್ಟು ವರ್ಷ ನಾನು ಧ್ಯಾನಿಸುತ್ತಿದ್ದದ್ದು ಬುಟ್ಟಿಯಲ್ಲಿರುವುದು ಬದನೆಯೋ ಸೌತೆಯೋ ಎಂಬುದನ್ನು. ಈಗ ಅದು ನನ್ನ ಚಿಂತೆಯಲ್ಲ. ಸ್ವಾತಂತ್ರ್ಯ ಬೇಕೆಂದು ಕೇಳಿದವಳು ಸೊಸೆ, ಸಿಕ್ಕಿದ್ದು ನನಗೆ. ಶಿವ ಆ ಎರಡು ದಿನ ಯಾಕೆ ಸುಮ್ಮನಿದ್ದ ಎಂದು ಈಗ ಹೊಳೆಯುತ್ತದೆ.

ಹೋದ ವಾರ ನನಗೆ ಜ್ವರ ಬಂತು. ಚೈತ್ರ ಮೆಣಸಿನ ಸಾರು ಮಾಡಿ, ಪಾತ್ರೆಯನ್ನೂ ಉಪ್ಪಿನ ಡಬ್ಬಿಯನ್ನೂ ನನ್ನ ಹಾಸಿಗೆಯ ಹತ್ತಿರವೇ ತಂದಳು.

"ನೀನೇ ಹಾಕೇ" ಎಂದೆ.

"ಉಪ್ಪು ಕೇಂದ್ರದ್ದು ಅತ್ತೆ" ಎಂದಳು.

ಕಣ್ಣು ಮಂಜಾಯಿತು. ಜ್ವರಕ್ಕೇ ಇರಬೇಕು. ಕೈತುಂಬ ಹಾಕಿದೆ. ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟರೆ, ಜ್ವರದ ನಾಲಿಗೆಗೂ ತಿಳಿಯುವಷ್ಟು ಉಪ್ಪು. ಯಜಮಾನರು ಸದ್ದಿಲ್ಲದೆ ಮೊಸರು ಸುರಿದುಕೊಂಡರು. ಗಿರೀಶ ಎರಡು ಲೋಟ ನೀರು ಕುಡಿದ. ಚೈತ್ರ ಇನ್ನೊಂದು ಸೌಟು ಬಡಿಸಿಕೊಂಡಳು. ಎದುರಿನ ಗೋಡೆಯ ಮೇಲೆ ಮೊದಲನೇ ಹಕ್ಕು ದಪ್ಪ ಅಕ್ಷರದಲ್ಲಿತ್ತು. ಯಾರೂ ಅದರ ಕಡೆ ನೋಡಲಿಲ್ಲ. ಸಾರು ಚೆನ್ನಾಗಿದೆ ಎಂದು ನಾನೇ ಹೇಳಿದೆ, ಎಲ್ಲರೂ ಹೌದೆಂದರು.

ಮಾತಾಡುವ ಸ್ವಾತಂತ್ರ್ಯದಲ್ಲಿ ಸುಮ್ಮನಿರುವ ಸ್ವಾತಂತ್ರ್ಯವೂ ಸೇರುತ್ತದೆಯೋ ಎಂದು ಚೈತ್ರಳನ್ನು ಕೇಳಬೇಕು ಅಂದುಕೊಂಡಿದ್ದೇನೆ. ಕೇಳಿದರೆ ಸಾರಿನ ಮಾತು ಬರುತ್ತದೆ. ಹಾಗಾಗಿ ಇನ್ನೂ ಕೇಳಿಲ್ಲ.